ತಿಮಿಂಗಿಲದ ತಿಥಿ ಊಟ

ಹಿಲ್ಮಾ ಟೊರ್ವಿಕ್ ತೀರಿಕೊಳ್ಳುವ ಹೊತ್ತಿಗೆ ವಿಲೆಟ್ ದ್ವೀಪದ ರೈತ ಸಂಘದ ಹಾಲ್ ಆಗಲೇ ಒಂದು ತಿಮಿಂಗಿಲದ ಹೆಸರಿಗೆ ಬುಕ್ ಆಗಿಹೋಗಿತ್ತು.

ಸೊಸೆ ನಾದೀನ್‌ಗೆ ಇದು ತಿಳಿದದ್ದು ಅಂಚೆ ಕಚೇರಿಯ ಮೆಟ್ಟಿಲ ಮೇಲೆ. ಹಾಲ್‌ನ ಬೀಗದ ಕೈ ಇಟ್ಟುಕೊಳ್ಳುವ ಆರ್ಲೋ ಟೋಪಿ ತೆಗೆದು ಎದೆಗೆ ಹಿಡಿದು, ಒಂದು ಸಾವಿಗೆ ಎಷ್ಟು ಬೇಕೋ ಅಷ್ಟು ಮುಖ ಸಣ್ಣದು ಮಾಡಿದ. ಆಮೇಲೆ ಹೇಳಿದ:

"ಶನಿವಾರ ಆಗಲ್ಲ ನಾದೀನ್. ಶನಿವಾರ ಜುನಿಪರ್‌ದು."

"ಯಾವ ಜುನಿಪರ್?"

"ಯಾವ ಜುನಿಪರ್ ಅಂತೀಯಲ್ಲ! ನಮ್ಮ ಜುನಿಪರ್. ತಿಮಿಂಗಿಲ."

"ಸತ್ತೋಯ್ತಾ ಅದು?"

"ಸತ್ತಿದೆ ಅಂತ ಅಂದ್ಕೊಂಡಿದಾರೆ. ಬೇಸಿಗೆ ಪೂರ್ತಿ ಕಾಣಿಸ್ಲಿಲ್ವಲ್ಲ. ಗುಂಪಿನ ಜೊತೆ ಬರ್ಲಿಲ್ಲ ಅಂದ್ರೆ ಹೋದ ಹಾಗೇ."

"ಹಿಲ್ಮಾ ಹೋಗಿರೋದು ಅಂದ್ಕೊಂಡಿರೋದಲ್ಲ ಆರ್ಲೋ. ನಾನೇ ಕಣ್ಣು ಮುಚ್ಚಿಸಿ ಬಂದಿದೀನಿ."

"ಗೊತ್ತು ಕಣಮ್ಮ. ಏನ್ ಮಾಡ್ಲಿ, ತಿಮಿಂಗಿಲ ಬಳಗದ ಸೆಲೆಸ್ಟ್ ಮೊದಲು ಕೇಳಿದ್ಲು."

ವಿಲೆಟ್‌ನಲ್ಲಿ ಸಾವು ಎಂದರೆ ಆ ಹಾಲ್. ಚರ್ಚಿಗೆ ಹೋಗುವವರು ಕಡಿಮೆ, ಹೋಗುವವರೂ ಒಂದೇ ಚರ್ಚಿಗೆ ಹೋಗುವುದಿಲ್ಲ. ಆದ್ದರಿಂದ ಯಾರೇ ಸತ್ತರೂ ಒಂದು ಶನಿವಾರ ಹಾಲ್‌ನಲ್ಲಿ ಸೇರುವುದು, ಮನೆಮನೆಯಿಂದ ಒಂದೊಂದು ಪಾತ್ರೆ ಅಡುಗೆ ತರುವುದು, ಸತ್ತವರ ಬಗ್ಗೆ ನಾಲ್ಕು ಮಾತಾಡುವುದು, ಉಂಡು ಪಾತ್ರೆ ತೊಳೆದುಕೊಂಡು ಹೋಗುವುದು. ಯಾರು ಸಲಾಡ್ ತರಬೇಕು, ಯಾರು ಸಿಹಿ ತರಬೇಕು ಎಂಬುದು ಮನೆಹೆಸರಿನ ಮೊದಲ ಅಕ್ಷರದ ಮೇಲೆ ಯಾವ ಕಾಲದಲ್ಲೋ ತೀರ್ಮಾನವಾಗಿತ್ತು. ಮದುವೆಯಾಗಿ ಹೆಸರು ಬದಲಾದ ಹೆಂಗಸರು ಸಿಹಿಯಿಂದ ಸಲಾಡ್‌ಗೆ ಬಿದ್ದ ಸಂಕಟವನ್ನು ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದರು.

ಈ ಎಲ್ಲದರ ಮೇಲೆ ನಲವತ್ತು ವರ್ಷ ಹಿಲ್ಮಾ ಆಳಿದ್ದಳು. ಅಡುಗೆಮನೆಯ ಕಿಂಡಿಯಲ್ಲಿ ಸೌಟು ಹಿಡಿದು ನಿಂತು, ಬಂದ ಪಾತ್ರೆಯ ಮುಚ್ಚಳ ಎತ್ತಿ ಮೂಸಿ, ಮುಂದಿನ ಮೇಜಿಗೋ ಕಾಫಿ ಡ್ರಮ್ಮಿನ ಹಿಂದಕ್ಕೋ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಕಾಫಿ ಡ್ರಮ್ಮಿನ ಹಿಂದೆ ಹೋದ ಸಲಾಡಿನ ಒಡತಿ ಮುಂದಿನ ಸಾವಿನವರೆಗೂ ತಲೆ ಎತ್ತುತ್ತಿರಲಿಲ್ಲ.

ಆಚೆ ದಡದ ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ಸೊಸೆಯ ಹತ್ತಿರ ಕೇಳಿದ್ದು ಹೆಚ್ಚೇನಲ್ಲ.

"ಹಾಲ್‌ನಲ್ಲೇ ಮಾಡು. ಕಾಫಿ ಬಿಸಿ ಇರಲಿ. ನಾನು ಹೊಗೆ ಹಾಕಿರೋ ಮೀನು ಫ್ರೀಜರ್ ತಳದಲ್ಲಿದೆ, ಅದನ್ನ ಬಡಿಸು."

"ನಿಮ್ಮ ಸಾವಿನ ಊಟಕ್ಕೆ ನೀವೇ ಮೀನು ಮಾಡಿಟ್ಟಿದೀರಾ?"

"ಮತ್ತೆ? ನಿನ್ನ ಕೈಗೆ ಬಿಡ್ಲಾ?" ಎಂದು ಹಿಲ್ಮಾ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಇನ್ನೊಂದು. ನಾಲ್ಕು ಜನ ಎದ್ದು ನಿಂತು ನನ್ನ ಬಗ್ಗೆ ಏನಾದ್ರೂ ಹೇಳ್ಬೇಕು. ಬೈದ್ರೂ ಸರಿ. ಸುಮ್ನೆ ತಿಂದು ಪಾತ್ರೆ ಎತ್ಕೊಂಡು ಹೋಗೋದು ಬೇಡ. ಅಷ್ಟು ನೋಡ್ಕೋ."

ಮದುವೆಯಾಗಿ ಬಂದಂದಿನಿಂದ ಹಿಲ್ಮಾ ನಾದೀನ್‌ಗೆ ಹೇಳಿದ್ದೇ ಹೊರತು ಕೇಳಿದ್ದಿಲ್ಲ. ಉಪ್ಪು ಜಾಸ್ತಿ ಎಂದು ಹೇಳಿದ್ದಳು, ಪರದೆ ಸೊಟ್ಟ ಎಂದು ಹೇಳಿದ್ದಳು. ಒಳನಾಡಿನ ಸೇಬಿನ ತೋಟದಲ್ಲಿ ಹುಟ್ಟಿದವರಿಗೆ ಮೀನಿನ ಮುಳ್ಳು ತೆಗೆಯಲು ಜನ್ಮದಲ್ಲಿ ಬರುವುದಿಲ್ಲ ಎಂದೂ ಹೇಳಿದ್ದಳು. ಈಗ ಮೊದಲ ಸಲ ಕೇಳಿಕೊಂಡಾಗ ನಾದೀನ್‌ಗೆ ಹೆದರಿಕೆಯಾಯಿತು. ಊರಿನ ಸಾವುಗಳಿಗೆಲ್ಲ ಕಾಫಿ ಕಾಯಿಸಿದ ಈ ಹೆಂಗಸಿಗೇ ನಾಲ್ಕು ಮಾತು ಸಿಗುವುದು ಅನುಮಾನವಾದರೆ, ಅವಳ ಹಿಂದೆ ನಿಂತು ಲೋಟ ಒರೆಸಿದವಳ ಗತಿ ಏನು?

ಗಂಡ ಡ್ವೈಟ್‌ನ ಹತ್ತಿರ ಹೇಳಿದರೆ ಅವನು ಫೆರ್ರಿಯ ಕೆಲಸದ ಅಂಗಿ ಬಿಚ್ಚುತ್ತಾ, "ಅಮ್ಮ ಇದ್ದಿದ್ರೆ ಏನಾದ್ರೂ ದಾರಿ ಹುಡುಕ್ತಿದ್ಲು" ಎಂದ. ಆಮೇಲೆ ಊಟಕ್ಕೇನು ಎಂದು ಕೇಳಿದ.

ದಾರಿ ಹುಡುಕಿಕೊಂಡು ಬಂದವಳು ಸೆಲೆಸ್ಟ್. ಕ್ಯಾಲಿಫೋರ್ನಿಯಾದಲ್ಲಿ ವಕೀಲೆಯಾಗಿದ್ದು, ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದು ಸಮುದ್ರದ ಮುಖಕ್ಕೇ ಗಾಜಿನ ಮನೆ ಕಟ್ಟಿಸಿಕೊಂಡವಳು ಅವಳು. 'ತಿಮಿಂಗಿಲ ಬಂಧು ಬಳಗ' ಅವಳದೇ ಸಂಸ್ಥೆ. ಈ ಸಮುದ್ರದ ಓರ್ಕಾ ತಿಮಿಂಗಿಲಗಳಲ್ಲಿ ಯಾರು ಯಾರ ಮಗಳು, ಯಾರಿಗೆ ಯಾರು ಚಿಕ್ಕಮ್ಮ, ಯಾವ ಸೋದರಮಾವನಿಗೆ ಯಾವ ಚಳಿಗಾಲದಲ್ಲಿ ಮೈ ಸರಿಯಿರಲಿಲ್ಲ, ಎಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಪಕ್ಕದ ಮನೆಯ ಹುಡುಗಿಯನ್ನು ಮಾತ್ರ ಆರು ವರ್ಷದಿಂದ ಬೇರೆ ಯಾರದೋ ಹೆಸರಿನಿಂದ ಕರೆಯುತ್ತಿದ್ದಳು.

"ನಾದೀನ್, ಡಿಯರ್," ಎಂದು ಅವಳು ನಾದೀನಳ ಎರಡೂ ಕೈ ಹಿಡಿದುಕೊಂಡಳು. "ಎರಡು ದುಃಖ ಒಟ್ಟಿಗೆ ಬಂದಿದೆ. ಒಟ್ಟಿಗೇ ಹೊರೋಣ. ಮೊದಲು ಜುನಿಪರ್, ಆಮೇಲೆ ಹಿಲ್ಮಾ, ಆಮೇಲೆ ಊಟ. ಜನ ಒಂದೇ ಸಲ ಅಡುಗೆ ಮಾಡಿದ್ರೆ ಸಾಕು."

"ಹಿಲ್ಮಾ ಮೊದಲು ಆಗಬಹುದಲ್ಲ?"

"ಆಗಬಹುದಿತ್ತು. ಆದ್ರೆ ಸಿಯಾಟಲ್‌ನಿಂದ ರೇಡಿಯೋದವರು ಬರ್ತಿದಾರೆ, ಅವರು ಬೇಗ ಹೋಗಬೇಕು. ಹಿಲ್ಮಾ ಬೇಜಾರು ಮಾಡ್ಕೊಳಲ್ಲ ಬಿಡು, ಎಷ್ಟು ಸರಳ ಜೀವ."

ಹಿಲ್ಮಾಳನ್ನು ಸರಳ ಜೀವ ಎಂದವರನ್ನು ನಾದೀನ್ ಅವತ್ತೇ ನೋಡಿದ್ದು.

"ಇನ್ನೊಂದು ಸಣ್ಣ ಮಾತು," ಎಂದಳು ಸೆಲೆಸ್ಟ್, ಕೈ ಬಿಡದೆ. "ಮೀನು. ಹಿಲ್ಮಾ ಕಿಂಗ್ ಸಾಲ್ಮನ್ ಮಾಡಿಟ್ಟಿದಾರೆ ಅಂತ ಕೇಳಿದೆ. ಜುನಿಪರ್ ಬದುಕಿದ್ದಾಗ ತಿಂತಾ ಇದ್ದಿದ್ದು ಬರೀ ಅದನ್ನೇ. ಅದು ಸಿಗದೇನೇ ಅವಳು ಹೋಗಿದ್ದು. ಅವಳ ಫೋಟೋ ಎದುರಿಗೆ ನಾವು ಅದನ್ನ ತಟ್ಟೇಲಿ ಹಾಕ್ಕೊಂಡು..." ಮುಂದೆ ಹೇಳಲಾಗದೆ ಅವಳ ಕಣ್ಣು ತುಂಬಿತು. ನಿಜವಾಗಿಯೂ ತುಂಬಿತು. ಸೆಲೆಸ್ಟಳ ತೊಂದರೆ ಅದೇ, ಅವಳದು ನಾಟಕವಲ್ಲ.

"ಹಿಲ್ಮಾದೂ ಕೊನೆ ಆಸೆ ಅದು," ಎಂದಳು ನಾದೀನ್.

"ಅವರ ಆಸೇನ ಗೌರವಿಸ್ತೀನಿ. ಮೇಜಿನ ಮೇಲೆ ಬೇಡ, ಅಷ್ಟೇ."

ನಾದೀನ್ ಹೂಂ ಎಂದಳು. ಹೂಂ ಎನ್ನುವುದು ಅವಳಿಗೆ ಉಸಿರಾಟದಷ್ಟು ಸಲೀಸಾಗಿತ್ತು. ಸೆಲೆಸ್ಟಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಹೂಂ ಅಂದದ್ದು ಯಾಕೆ ಎಂದು ಸಿಂಕಿನ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದಳು. ಆದರೂ ಶನಿವಾರ ಬೆಳಿಗ್ಗೆ ಐಸ್ ಪೆಟ್ಟಿಗೆಗೆ ಮೀನನ್ನೆಲ್ಲ ತುಂಬಿ ಹಾಲ್‌ನ ಅಡುಗೆಮನೆಯ ಮೂಲೆಯಲ್ಲಿಟ್ಟಳು. ಮೇಜಿನ ಮೇಲೆ ಬೇಡ ಎಂದು ಸೆಲೆಸ್ಟ್ ಹೇಳಿದ್ದಳೇ ಹೊರತು ಮೇಜಿನ ಕೆಳಗೆ ಬೇಡ ಎಂದಿರಲಿಲ್ಲವಲ್ಲ.

ಶನಿವಾರ ಹಾಲ್ ತುಂಬಿಹೋಯಿತು. ವೇದಿಕೆಯ ಮೇಲೆ ಜುನಿಪರ್ ಬಾಗಿಲಿನಷ್ಟು ಅಗಲದ ಚಿತ್ರದಲ್ಲಿ ನೀರಿನಿಂದ ಮೇಲಕ್ಕೆ ಹಾರಿದ್ದಳು. ಅವಳ ಪಕ್ಕದ ಸ್ಟೂಲಿನ ಮೇಲೆ ಹಿಲ್ಮಾ, ಚಾಲನಾ ಪರವಾನಗಿಯಿಂದ ದೊಡ್ಡದು ಮಾಡಿಸಿದ ಫೋಟೋದಲ್ಲಿ, ಗಾಡಿ ಓಡಿಸಲು ತನಗೆ ಕಣ್ಣು ಕಾಣುವುದಿಲ್ಲ ಎಂದವರನ್ನು ದಿಟ್ಟಿಸುತ್ತಿದ್ದಳು.

ಮೇಜಿನ ಮೇಲಿನ ಒಂದೊಂದು ಪಾತ್ರೆಯ ಮುಂದೂ ಚೀಟಿ. ಈ ಚೀಟಿಯ ರೋಗ ಹೊಸಬರಿಂದ ಶುರುವಾದದ್ದು, ಈಗ ಹಳಬರಿಗೂ ಅಂಟಿತ್ತು. 'ನಮ್ಮ ಬೇಲಿಯ ತುರಿಕೆ ಸೊಪ್ಪಿನ ಲಸಾನ್ಯ.' 'ಪೆಟೂನಿಯಾ ಎಂಬ ಆಡಿನ ಹಾಲಿನ ಚೀಸ್, ಪೆಟೂನಿಯಾ ಸುಖವಾಗಿದ್ದಾಳೆ.' 'ಕೊಲ್ಲಿಯ ಕಪ್ಪೆಚಿಪ್ಪು, ಕ್ಷಮೆ ಕೇಳಿ ಅಗೆದದ್ದು.' ನೆಲದ ಮೇಲೆ ಬಿದ್ದ ಬೆರ್ರಿಗಳಿಂದ ಮಾತ್ರ ಮಾಡಿದ ಒಂದು ಪೈ ಇತ್ತು, ಅದನ್ನು ಯಾರೂ ಮುಟ್ಟುವಂತೆ ಕಾಣಲಿಲ್ಲ. ಕಿಂಡಿಯ ಹಿಂದೆ ಹಿಲ್ಮಾ ಇರಲಿಲ್ಲವಾದ್ದರಿಂದ ಎಲ್ಲ ಪಾತ್ರೆಗಳೂ ಮುಂದಿನ ಮೇಜಿಗೇ ನುಗ್ಗಿ ಒಂದರ ಮೇಲೊಂದು ಕೂತಿದ್ದವು.

ಇವುಗಳ ನಡುವೆ ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದೇ ಥರದ ನೀಲಿ ಜಾಕೆಟ್ ತೊಟ್ಟು, ತಪ್ಪು ಮದುವೆಗೆ ಬಂದವರಂತೆ ನಿಂತಿದ್ದರು.

"ಬಾಗಿಲಲ್ಲಿ ತಿಮಿಂಗಿಲ, ಊಟ ಅಂತ ಹಾಕಿತ್ತು," ಎಂದಳು ಹೆಂಗಸು ನಾದೀನ್ ಹತ್ತಿರ ಬಂದು, ಪಿಸುಮಾತಿನಲ್ಲಿ. "ನಾವು ಆ ಎರಡಕ್ಕೇ ಅಂತ ನೆಬ್ರಾಸ್ಕಾದಿಂದ ಬಂದಿದೀವಿ. ನಾನು ಮರ್ನಾ, ಇವರು ರಸ್. ಇದು... ಸಾವಿನ ಮನೇನಾ?"

"ಎರಡು ಸಾವು," ಎಂದಳು ನಾದೀನ್. "ಕೂತ್ಕೊಳ್ಳಿ. ಊಟ ಎಲ್ಲರಿಗೂ ಇದೆ."

"ಎರಡನೆಯವರು ಯಾರು?"

"ನಮ್ಮ ಅತ್ತೆ."

"ಅಯ್ಯೋ," ಎಂದಳು ಮರ್ನಾ. ಅವತ್ತು ಆ ಹಾಲ್‌ನಲ್ಲಿ ಹಿಲ್ಮಾಳಿಗಾಗಿ ಬಂದ ಮೊದಲ ಅಯ್ಯೋ ಅದು.

ಸೆಲೆಸ್ಟ್ ಮಾತಿಗೆ ನಿಂತಳು. ರೇಡಿಯೋದವನು ಅವಳ ಗದ್ದದ ಕೆಳಗೆ ಮೈಕು ಹಿಡಿದ.

"ಜುನಿಪರ್ ಒಬ್ಬ ತಾಯಿ," ಎಂದಳು ಸೆಲೆಸ್ಟ್. "ಒಬ್ಬ ಅಜ್ಜಿ. ಮುಟ್ಟು ನಿಂತು ಹತ್ತಾರು ವರ್ಷಗಳಾದ ಮೇಲೂ ಇಡೀ ಕುಟುಂಬ ಅವಳ ಹಿಂದೆಯೇ ಹೋಗುತ್ತಿತ್ತು. ಮೀನು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ದೋಣಿಯಷ್ಟು ದೊಡ್ಡದಾಗಿ ಬೆಳೆದ ಗಂಡುಮಕ್ಕಳಿಗೆ, ತಾನು ಹಿಡಿದ ಮೀನನ್ನು ಅರ್ಧ ಮಾಡಿ, ಕೊನೆಯವರೆಗೂ ತಿನ್ನಿಸಿದಳು. ಇಂಥ ತಾಯ್ತನವನ್ನು ನಾವು ಎಲ್ಲಿ ಕಂಡಿದ್ದೇವೆ?"

ಹಾಲ್ ತುಂಬ ಮೂಗು ಒರೆಸುವ ಸದ್ದು. ನಾದೀನ್‌ಗೆ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಏರಿತು. ಅದು ಸಿಟ್ಟಲ್ಲ, ಈಚೆಗೆ ಎರಡು ವರ್ಷದಿಂದ ಹೊತ್ತುಗೊತ್ತಿಲ್ಲದೆ ಬರುತ್ತಿದ್ದ ಬಿಸಿ. ಪೇಪರ್ ತಟ್ಟೆಯೊಂದನ್ನು ಎತ್ತಿಕೊಂಡು ಗಾಳಿ ಬೀಸಿಕೊಂಡಳು. ತಿಮಿಂಗಿಲಕ್ಕೆ ಮುಟ್ಟು ನಿಂತರೆ ಹಿಂಡಿನ ನಾಯಕತ್ವ ಕೊಡುತ್ತಾರೆ, ರೇಡಿಯೋದವರು ಬರುತ್ತಾರೆ. ನನಗೆ ಡಾಕ್ಟರ್ ಕೊಟ್ಟದ್ದು ಹತ್ತಿಬಟ್ಟೆ ಹಾಕಿಕೊಳ್ಳಿ ಎಂಬ ಸಲಹೆ, ಎಂದುಕೊಂಡಳು. ಮುಂದಿನ ಸಾಲಿನಲ್ಲಿ ಡ್ವೈಟ್ ಕಣ್ಣೊರೆಸಿಕೊಳ್ಳುತ್ತಿದ್ದ. ದೋಣಿಯಷ್ಟಲ್ಲದಿದ್ದರೂ ಸಾಕಷ್ಟು ದೊಡ್ಡದಾಗಿ ಬೆಳೆದ ಮಗ. ಅವನ ಮಧ್ಯಾಹ್ನದ ಊಟವನ್ನು ಅವನ ಅಮ್ಮ ಆಸ್ಪತ್ರೆಗೆ ಹೊರಟ ದಿನ ಬೆಳಿಗ್ಗೆಯೂ ಕಟ್ಟಿಕೊಟ್ಟಿದ್ದಳು. ಆಸ್ಪತ್ರೆಯಲ್ಲಿ ಒಣಗಿದ್ದ ಕಣ್ಣು ತಿಮಿಂಗಿಲಕ್ಕೆ ಒದ್ದೆಯಾಗಿದೆ. ಇರಲಿ, ಎಲ್ಲಿಂದಾದರೂ ಬರಲಿ, ಎಂದು ನಾದೀನ್ ಸಮಾಧಾನ ಮಾಡಿಕೊಂಡಳು.

ಜುನಿಪರ್‌ಗಾಗಿ ಹನ್ನೊಂದು ಮಂದಿ ಮಾತಾಡಿದರು. ಇಬ್ಬರು ಕವನ ಓದಿದರು. ಒಬ್ಬ ಗಡ್ಡದವನು ತಿಮಿಂಗಿಲದ ದನಿಯಲ್ಲಿ ಕೂಗಿದ, ಹೊರಗೆ ಯಾರದೋ ನಾಯಿ ಉತ್ತರ ಕೊಟ್ಟಿತು. ಆಮೇಲೆ ರೇಡಿಯೋದವನು ಮೈಕು ಸುತ್ತಿಕೊಂಡು ಫೆರ್ರಿಗೆ ಓಡಿದ. ಆರ್ಲೋ ಎದ್ದು, "ಈಗ ನಮ್ಮ ಹಿಲ್ಮಾ," ಎಂದು ಹೇಳಿ, ಲಸಾನ್ಯದ ಕಡೆಗೊಮ್ಮೆ ನೋಡಿ ಕೂತ.

ನಾದೀನ್ ವೇದಿಕೆ ಹತ್ತಿದಳು. ಬೆಳಗಿನಿಂದ ಬಾಯಲ್ಲೇ ಕಟ್ಟಿಕೊಂಡಿದ್ದ ಮೊದಲ ವಾಕ್ಯವನ್ನು ನೆನಪಿಸಿಕೊಂಡಳು.

"ಹಿಲ್ಮಾ ಈ ಹಾಲ್‌ನಲ್ಲಿ..."

ಅಷ್ಟರಲ್ಲಿ ಹಾಲ್‌ನ ಜೇಬುಗಳೆಲ್ಲ ಒಟ್ಟಿಗೆ ಗುರುಗುಟ್ಟಿದವು. ತಿಮಿಂಗಿಲ ಕಂಡರೆ ಎಲ್ಲರ ಫೋನಿಗೂ ಸುದ್ದಿ ಹೋಗುವ ವ್ಯವಸ್ಥೆಯನ್ನು ಸೆಲೆಸ್ಟಳೇ ಮಾಡಿಸಿದ್ದಳು. ಮೊದಲು ಓದಿದವಳೂ ಅವಳೇ.

"ಜುನಿಪರ್!" ಎಂದು ಕಿರುಚಿದಳು. "ಲೈಟ್‌ಹೌಸ್ ಹತ್ರ! ಬೆನ್ನಿನ ರೆಕ್ಕೇಲಿ ಅವಳದೇ ಕಚ್ಚು ಕಾಣ್ತಿದೆಯಂತೆ! ಬದುಕಿದಾಳೆ!"

ಕುರ್ಚಿಗಳು ಉರುಳಿದವು. ಗಡ್ಡದವನು ಕಿಟಕಿಯಿಂದ ಹಾರಿದ; ಬಾಗಿಲು ತೆರೆದೇ ಇತ್ತು. ಹೆಂಗಸರು ಮಕ್ಕಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದರು. ಡ್ವೈಟ್ ವೇದಿಕೆಯ ಕಡೆ ಒಂದು ಬೆರಳು ಎತ್ತಿ, "ಐದೇ ನಿಮಿಷ ಕಣೇ, ಬಂದ್ಬಿಡ್ತೀನಿ," ಎಂದು ಹೇಳುತ್ತಲೇ ಹೊರಗಿದ್ದ. ಆರ್ಲೋ ಮಾತ್ರ ಬಾಗಿಲಲ್ಲಿ ನಿಂತು ಒಂದು ಕ್ಷಣ ಹಿಂದೆ ನೋಡಿದ. ನಾದೀನಳನ್ನಲ್ಲ, ಲಸಾನ್ಯವನ್ನು. ಆಮೇಲೆ ಅವನೂ ಹೋದ.

ಕಾರುಗಳ ಸದ್ದು ಪಶ್ಚಿಮದ ಕಡೆ ಕರಗಿತು. ಹಾಲ್‌ನಲ್ಲಿ ಉಳಿದವರು ನೀಲಿ ಜಾಕೆಟ್ಟಿನ ಇಬ್ಬರು, ವೇದಿಕೆಯ ಮೇಲೆ ಬಾಯಿ ಅರ್ಧ ತೆರೆದ ನಾದೀನ್, ಮತ್ತು ಸ್ಟೂಲಿನ ಮೇಲೆ ಹಿಲ್ಮಾ.

"ನೀವೂ ಹೋಗಿ," ಎಂದಳು ನಾದೀನ್. "ನೀವು ಬಂದಿದ್ದೇ ಅದಕ್ಕಲ್ವಾ."

"ಕಾರು ತಂದಿಲ್ಲ," ಎಂದ ರಸ್.

"ಕಾರಿದ್ರೂ ಹೋಗ್ತಿರ್ಲಿಲ್ಲ," ಎಂದಳು ಮರ್ನಾ ಗಂಡನನ್ನು ಮೊಣಕೈಯಲ್ಲಿ ತಿವಿದು. "ನೀವೇನೋ ಹೇಳ್ತಾ ಇದ್ರಿ."

ಇಬ್ಬರಿಗೆ ಭಾಷಣ ಮಾಡುವುದು ಹೇಗೆ? ನಾದೀನ್ ಕೆಳಗಿಳಿದಳು. ಅಳು ಬರಬಹುದು ಎಂದುಕೊಂಡಿದ್ದಳು, ಬಂದದ್ದು ಹಸಿವು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅಡುಗೆಮನೆಗೆ ಹೋಗಿ ಐಸ್ ಪೆಟ್ಟಿಗೆ ಎಳೆದು ತಂದು, ಪೆಟೂನಿಯಾಳ ಚೀಸನ್ನು ಪಕ್ಕಕ್ಕೆ ತಳ್ಳಿ, ಹಿಲ್ಮಾಳ ಮೀನನ್ನು ಮೇಜಿನ ನಟ್ಟನಡುವೆ ಬಿಚ್ಚಿದಳು. ಆಲ್ಡರ್ ಕಟ್ಟಿಗೆಯ ಹೊಗೆಯ ವಾಸನೆ ಹಾಲ್ ತುಂಬ ಹರಡಿತು. ಮೀನಿನ ಮೈ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಮರ್ನಾ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರು ಹಾಕಿಕೊಂಡಳು.

"ಇದನ್ನ ಮಾಡಿದ್ದು ಯಾರು?"

ನಾದೀನ್ ಸ್ಟೂಲಿನ ಕಡೆ ತೋರಿಸಿದಳು.

"ಹೇಗಿದ್ರು ಅವರು?"

"ಕಷ್ಟ ಇದ್ರು," ಎಂದಳು ನಾದೀನ್. ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಎಲ್ಲಿಗೋ ಹೋಗಿದ್ದವು. "ನನ್ನ ಮನೆಗೆ ಬಂದ್ರೆ ಮೊದಲು ಫ್ರಿಜ್ ತೆಗೀತಿದ್ರು, ಆಮೇಲೆ ನನ್ನ ಮುಖ ನೋಡ್ತಿದ್ರು. ಯಾರಾದ್ರೂ ಸತ್ತರು ಅಂತ ಫೋನ್ ಬಂದ್ರೆ ಅಳೋಕೆ ಮುಂಚೆ ಕಾಫಿ ಪುಡಿ ಇದೆಯಾ ಅಂತ ಡಬ್ಬ ಅಲ್ಲಾಡಿಸಿ ನೋಡ್ತಿದ್ರು. ಒಂದು ಸಲ ಹಾಲ್‌ಗೆ ಕರೆಂಟ್ ಹೋಗಿ, ಹೊರಗೆ ಹಿಮದಲ್ಲಿ ಬೆಂಕಿ ಹಾಕಿ ನೂರು ಜನಕ್ಕೆ ಕಾಫಿ ಮಾಡಿದ್ರು. ಸತ್ತಿದ್ದು ಅವರಿಗೆ ಆಗದೇ ಇದ್ದ ಮನುಷ್ಯ. 'ಅವನಿಗೋಸ್ಕರ ಅಲ್ಲ, ಕಾಫಿಗೋಸ್ಕರ' ಅಂದ್ರು."

ರಸ್ ನಕ್ಕ. "ನಮ್ಮಮ್ಮನ ಥರಾನೇ," ಎಂದು ಮೀನಿಗೆ ಕೈ ಚಾಚಿದ.

ನಾದೀನ್‌ಗೂ ನಗು ಬಂತು. ಒಂದು ನೆನಪಿಗೆ ಇನ್ನೊಂದು ಜೋತುಬಿದ್ದು ಬಂದವು. ಹೇಳುತ್ತಾ ಹೇಳುತ್ತಾ ಅವಳಿಗೆ ತಿಳಿಯಿತು: ಹಿಲ್ಮಾ ಹೇಗಿದ್ದಳು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಹೇಗೆ ಸತ್ತಳು ಎಂದು ಎಲ್ಲರೂ ಕೇಳಿದ್ದರು.

ಹೊರಗೆ ಕಾರುಗಳು ಬಂದು ನಿಂತವು. ಬಾಗಿಲು ಬಡಿಯುವ ಸದ್ದು, ಕೂಗಾಟ, ನಗು. ಕಿಟಕಿಯಿಂದ ನೋಡಿದರೆ ಸಮುದ್ರದ ಗಾಳಿಗೆ ಕೂದಲು ಕೆದರಿ, ಮೂಗು ಕೆಂಪಾಗಿ, ಮಂಜಿನಲ್ಲಿ ನೆನೆದು, ಇಡೀ ಊರು ಹಸಿದುಕೊಂಡು ಬರುತ್ತಿತ್ತು. ಎಲ್ಲರ ಕಣ್ಣೂ ಹಾಲ್‌ನ ಹೊಗೆಕೊಳವೆಯ ಮೇಲೆ. ಯಾರ ಬಾಯಲ್ಲೂ ಹಿಲ್ಮಾಳ ಹೆಸರಿಲ್ಲ. ಈಗ ಒಳಗೆ ಬರುತ್ತಾರೆ, ತಟ್ಟೆ ಹಿಡಿಯುತ್ತಾರೆ, ಜುನಿಪರ್ ಹೇಗೆ ಬಾಲ ಎತ್ತಿದಳು ಎಂದು ಮಾತಾಡಿಕೊಂಡು ತಿನ್ನುತ್ತಾರೆ, ಪಾತ್ರೆ ಎತ್ತಿಕೊಂಡು ಹೋಗುತ್ತಾರೆ.

ನಾದೀನ್ ಹೋಗಿ ಬಾಗಿಲಿಗೆ ಅಗುಳಿ ಹಾಕಿದಳು. ಹಾಕಿದ ಮೇಲೆ ಅವಳಿಗೇ ಗಾಬರಿಯಾಯಿತು.

"ಏನ್ ಮಾಡ್ತಿದೀರಿ?" ಎಂದಳು ಮರ್ನಾ.

"ಗೊತ್ತಿಲ್ಲ," ಎಂದಳು ನಾದೀನ್.

ಆರ್ಲೋ ಬಾಗಿಲು ತಳ್ಳಿದ, ಬಡಿದ. ನಾದೀನ್ ಅಗುಳಿ ತೆಗೆದು, ಬಾಗಿಲನ್ನು ಒಬ್ಬ ಮನುಷ್ಯನಷ್ಟು ಮಾತ್ರ ತೆರೆದು, ತೆರೆದ ಜಾಗದಲ್ಲಿ ತಾನೇ ನಿಂತಳು.

"ಬದುಕಿದಾಳೆ ನಾದೀನ್! ಕಣ್ಣಾರೆ ನೋಡಿದ್ವಿ! ಸರಿ ಸರಿ, ಜಾಗ ಬಿಡು, ಹೊಟ್ಟೆ ಚುರುಗುಟ್ತಿದೆ."

"ಹಿಲ್ಮಾ ಬಗ್ಗೆ ಒಂದು ಮಾತು ಹೇಳು. ಆಮೇಲೆ ತಟ್ಟೆ."

"ಆ?"

"ಜೋರಾಗಿ. ಹಿಂದಿನವರಿಗೂ ಕೇಳಿಸ್ಬೇಕು."

ಆರ್ಲೋ ಟೋಪಿ ತೆಗೆದ. "ಹಿಲ್ಮಾ ತುಂಬಾ ಒಳ್ಳೆ ಹೆಂಗಸು. ಅವಳ ಜಾಗ ತುಂಬೋರಿಲ್ಲ."

"ಇದನ್ನೇ ನೀನು ಜುನಿಪರ್‌ಗೂ ಹೇಳಿದೆ. ಸಾಲಿನ ಕೊನೆಗೆ ಹೋಗು."

"ಏಯ್, ಇದೇನಿದು!"

"ನಿಜವಾದದ್ದು ಹೇಳು, ಒಳಗೆ ಬಾ."

ಆರ್ಲೋ ಒಳಗಿನ ವಾಸನೆಯನ್ನು ಮೂಸಿದ. ಮೂಗು ಅರಳಿತು. "ಅದು ಹಿಲ್ಮಾ ಮೀನಾ?" ಎಂದ. ಆ ಮಾತು ಸಾಲಿನ ಉದ್ದಕ್ಕೂ ಹಿಂದಕ್ಕೆ ಹೋಯಿತು. ಅವನು ಕತ್ತು ಕೆರೆದುಕೊಂಡ. "ನನ್ನ ಮದುವೆ ದಿನ ನನ್ನ ಕಿವೀಲಿ, 'ಇನ್ನೂ ಟೈಮಿದೆ ಆರ್ಲೋ, ಹಿಂದಿನ ಬಾಗಿಲು ತೆಗ್ದಿಟ್ಟಿದೀನಿ' ಅಂದ್ಲು. ನಾನು ಕೇಳ್ಬೇಕಿತ್ತು."

"ನನ್ನ ಕಿವೀಲೂ ಅದನ್ನೇ ಅಂದಿದ್ಲು!" ಎಂದು ಸಾಲಿನ ನಡುವಿನಿಂದ ಅವನನ್ನು ಬಿಟ್ಟುಹೋದ ಹೆಂಡತಿ ಕೂಗಿದಳು.

ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾದೀನ್ ಪಕ್ಕಕ್ಕೆ ಸರಿದಳು, ಆರ್ಲೋ ಒಳಗೆ ಹೋದ, ಮರ್ನಾ ತಟ್ಟೆ ಕೊಟ್ಟಳು, ರಸ್ ಕಾಫಿ ಬಗ್ಗಿಸಿದ. ಕಾಫಿ ಬಿಸಿಯಾಗಿತ್ತು.

ಆಮೇಲೆ ಯಾರೂ ತಕರಾರು ಮಾಡಲಿಲ್ಲ. ಲೈಬ್ರರಿಯವಳು, ತನ್ನ ಸೊಪ್ಪಿನ ಸಲಾಡನ್ನು ಹಿಲ್ಮಾ ಯಾವಾಗಲೂ ಕಾಫಿ ಡ್ರಮ್ಮಿನ ಹಿಂದೆ ಇಡುತ್ತಿದ್ದಳೆಂದೂ, ಅದು ತಿನ್ನುವ ಹಾಗಿರಲಿಲ್ಲವೆಂದು ತನಗೂ ಗೊತ್ತಿತ್ತೆಂದೂ ಹೇಳಿ ಹಗುರಾದಳು. ಗಡ್ಡದವನು ತನಗೆ ಹಿಲ್ಮಾ ಗೊತ್ತೇ ಇಲ್ಲವೆಂದ. ಗೊತ್ತಿದ್ದವರನ್ನು ಕೇಳಿಕೊಂಡು ಬಾ ಎಂದು ನಾದೀನ್ ಹಿಂದಕ್ಕೆ ಕಳಿಸಿದಳು. ಅವನು ಪಾಪ, ಮಂಜಿನಲ್ಲಿ ಒಬ್ಬೊಬ್ಬರನ್ನೇ ಹಿಲ್ಮಾ ಬಗ್ಗೆ ಕೇಳುತ್ತಾ ಅಲೆದ.

ಸೆಲೆಸ್ಟ್ ಬಂದಳು. ಮುಖದಲ್ಲಿ ಸಂತೋಷವೂ ಇತ್ತು, ಅಷ್ಟು ಒಳ್ಳೆಯ ಭಾಷಣ ಬದುಕಿರುವವಳಿಗೆ ಹೋಗಿಬಿಟ್ಟಿತಲ್ಲ ಎಂಬ ಸಣ್ಣ ಮುಜುಗರವೂ ಇತ್ತು. ಒಳಗೆ ಮೇಜಿನ ಮೇಲಿದ್ದ ಮೀನು ಅವಳ ಕಣ್ಣಿಗೆ ಬಿತ್ತು.

"ನಾದೀನ್, ಮೀನು ಬೇಡ ಅಂತ ಮಾತಾಗಿತ್ತಲ್ಲ."

"ಆಗ ಜುನಿಪರ್ ಸತ್ತಿದ್ಲು."

ಸೆಲೆಸ್ಟ್ ವಕೀಲಿಕೆ ಮಾಡಿದವಳು, ಸೋತ ಮೊಕದ್ದಮೆ ಅವಳಿಗೆ ಗೊತ್ತಾಗುತ್ತಿತ್ತು.

"ನಾನು ಬಂದ ಮೊದಲನೇ ಚಳಿಗಾಲ," ಎಂದಳು, ಭಾಷಣದ ದನಿ ಅಲ್ಲದ ದನಿಯಲ್ಲಿ. "ಬಿರುಗಾಳೀಲಿ ನಮ್ಮ ದಾರಿಗೆ ಅಡ್ಡ ಮರ ಬಿತ್ತು. ಮೂರು ದಿನ ಒಬ್ಬಳೇ ಒಳಗಿದ್ದೆ. ಕೇಳೋಣ ಅಂದ್ರೆ ಯಾರ ಫೋನ್ ನಂಬರೂ ಇರ್ಲಿಲ್ಲ. ಬೆಳಿಗ್ಗೆ ಎದ್ರೆ ಹಿಲ್ಮಾ ಗರಗಸ ಹಿಡ್ಕೊಂಡು ಮರ ಕೊಯ್ತಾ ಇದಾಳೆ. ಥ್ಯಾಂಕ್ಸ್ ಅಂದೆ, ತಿರುಗಿ ನೋಡ್ಲಿಲ್ಲ. ಕೊಯ್ದ ಕಟ್ಟಿಗೇನೂ ಅವಳೇ ಗಾಡೀಲಿ ಹಾಕ್ಕೊಂಡು ಹೋದ್ಲು."

"ಆ ಕಟ್ಟಿಗೇಲೇ ಮೀನು ಹೊಗೆ ಹಾಕಿರ್ತಾಳೆ!" ಎಂದು ಯಾರೋ ಕೂಗಿದರು.

ಸೆಲೆಸ್ಟ್ ನಕ್ಕಳು. ತಟ್ಟೆ ತೆಗೆದುಕೊಂಡಳು. ಮೀನಿನ ಎದುರು ನಿಂತು, ವೇದಿಕೆಯ ಮೇಲಿನ ಜುನಿಪರ್‌ಗೆ ಬೆನ್ನು ತಿರುಗಿಸಿ, ಚಿಕ್ಕದೊಂದು ಚೂರು ಹಾಕಿಕೊಂಡಳು, ಆಮೇಲೆ ದೊಡ್ಡದು.

ಡ್ವೈಟ್ ಸಾಲಿನ ಕೊನೆಯಲ್ಲಿ ಬಂದ.

"ನಾನು ಮಗ ಕಣೇ," ಎಂದ.

"ಗೊತ್ತು. ಹೇಳು."

ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ, ಒಳಗಿನವರು ತಿನ್ನುವುದು ನಿಲ್ಲಿಸಿದ್ದರು. "ಅಮ್ಮ ನನ್ನ ಸ್ಯಾಂಡ್‌ವಿಚ್ ಅಂಚು ಕತ್ತರಿಸಿ ಕಳಿಸ್ತಿದ್ಲು. ಒಂದನೇ ಕ್ಲಾಸಿಂದ. ನಂಗೆ ಅಂಚೇ ಇಷ್ಟ." ಅವನು ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡ. "ಯಾವತ್ತೂ ಹೇಳ್ಲಿಲ್ಲ. ಹೇಳಿದ್ರೆ ಕಟ್ಟೋದೇ ನಿಲ್ಲಿಸ್ತಾಳೇನೋ ಅಂತ."

ಈ ಸಲ ಅವನ ಕಣ್ಣೀರು ತಿಮಿಂಗಿಲಕ್ಕಾಗಿರಲಿಲ್ಲ. ನಾದೀನ್ ಅವನನ್ನು ಒಳಗೆ ಬಿಟ್ಟಳು, ಹೋಗುವಾಗ ಬೆನ್ನ ಮೇಲೊಂದು ಕೈ ಇಟ್ಟಳು. ಬಾಗಿಲು ಮುಚ್ಚಿ ತಿರುಗಿದರೆ ಇಡೀ ಹಾಲ್ ಅವಳನ್ನೇ ನೋಡುತ್ತಿತ್ತು. ಮರ್ನಾ ಖಾಲಿ ತಟ್ಟೆಯೊಂದನ್ನು ಎತ್ತಿ ಹಿಡಿದಿದ್ದಳು. ಕೊಡುತ್ತಿರಲಿಲ್ಲ.

"ಹೇಳು ಹೇಳು!" ಎಂದು ಆರ್ಲೋ ಬಾಯಿ ತುಂಬಿಕೊಂಡೇ ಕೂಗಿದ. "ನಮ್ಮನ್ನೆಲ್ಲ ಮಂಜಲ್ಲಿ ನಿಲ್ಲಿಸಿದ್ಯಲ್ಲ!"

ನಾದೀನ್ ಸ್ಟೂಲಿನ ಕಡೆ ನೋಡಿದಳು.

"ಮದುವೆ ಆಗಿ ಹತ್ತು ವರ್ಷಕ್ಕೆ ನಾನು ಡ್ವೈಟ್‌ನ ಬಿಟ್ಟು ಹೊರಟಿದ್ದೆ," ಎಂದಳು.

ತಟ್ಟೆಗೆ ಮೀನು ಹಾಕಿಕೊಳ್ಳುತ್ತಿದ್ದ ಡ್ವೈಟ್ ತಿರುಗಿದ.

"ಸೂಟ್‌ಕೇಸ್ ಡಿಕ್ಕೀಲಿ ಹಾಕ್ಕೊಂಡು ಫೆರ್ರಿ ಸಾಲಲ್ಲಿ ಕಾರು ನಿಲ್ಲಿಸಿದ್ದೆ. ಹಿಲ್ಮಾ ಬಂದು ಬಾಗಿಲು ತೆಗೆದು ಪಕ್ಕದ ಸೀಟಲ್ಲಿ ಕೂತ್ರು. ಬೆಲ್ಟ್ ಹಾಕ್ಕೊಂಡ್ರು. ಬೈತಾರೆ ಅಂದ್ಕೊಂಡೆ. ಇಲ್ಲ, ಅಳ್ತಾರೆ ಅಂದ್ಕೊಂಡೆ. 'ನೀನು ಹೋಗೋದಾದ್ರೆ ನನ್ನೂ ಕರ್ಕೊಂಡು ಹೋಗು' ಅಂದ್ರು. 'ಅವನನ್ನ ಒಬ್ಬಳೇ ಸಾಕೋಕೆ ನನ್ನ ಕೈಲಾಗಲ್ಲ' ಅಂದ್ರು."

ಮೊದಲು ನಕ್ಕವಳು ಸೆಲೆಸ್ಟ್. ಆಮೇಲೆ ಹಾಲ್‌ನ ಹೆಂಗಸರೆಲ್ಲ, ಹಳಬರು ಹೊಸಬರು, ಸಲಾಡಿನವರು ಸಿಹಿಯವರು, ಮೇಜು ಹಿಡಿದುಕೊಂಡು ನಕ್ಕರು.

ಡ್ವೈಟ್ ತಟ್ಟೆ ಹಿಡಿದು ನಿಂತೇ ಇದ್ದ. "ಹೋದ್ರಾ?" ಎಂದ.

"ಹೋದ್ವಿ. ಆಚೆ ದಡದ ಅನಕೋರ್ಟಿಸ್‌ನಲ್ಲಿ ಪ್ಯಾನ್‌ಕೇಕ್ ತಿಂದ್ವಿ. ಸಂಜೆ ಫೆರ್ರಿಗೆ ವಾಪಸ್ ಬಂದ್ವಿ."

"ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ವಿ ಅಂದಿದ್ರಿ! ಇಬ್ರೂ! ನಾನು ಅವತ್ತು ನಿಮಗೆ ಗಂಜಿ ಥರ ಸೂಪ್ ಮಾಡಿಟ್ಟಿದ್ದೆ!"

"ಅದಕ್ಕೇ ಉಳ್ಕೊಂಡೆ," ಎಂದಳು ನಾದೀನ್. "ಊಟ ಮಾಡು. ಆರಿ ಹೋಗುತ್ತೆ."

ಮರ್ನಾ ನಾದೀನ್‌ಗೂ ತಟ್ಟೆ ಕೊಟ್ಟಳು.